ಮುಸ್ಸಂಜೆಯ ಕರಡಿ, ಕಣ್ಣೊಳಗಿನ ದಟ್ಟಣೆ

1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದಲ್ಲಿ ಸಿಬ್ಬಂದಿ ಹೊತ್ತಿರುವಾಗಲೇ ಬಂಡೆಗಳಿಗೆ ಬೆಲ್ಲ, ಜೇನು ಬಳಿದು ಹೋಗುತ್ತಾರೆ. ವೀಕ್ಷಣಾ ಗೋಪುರದಲ್ಲಿ ಕೂತವರಿಗೆ ಮೊದಮೊದಲು ಕರಡಿಯ ಮಾಸಲು ಮೂತಿ, ಎದೆಯ ಬಿಳಿ ಗುರುತು ಎಲ್ಲವೂ ಸ್ಪಷ್ಟ. ಹೊತ್ತು ಮುಳುಗಿತೆಂದರೆ ಅದೇ ಪ್ರಾಣಿ ಬರೀ ಕಪ್ಪು ಮಚ್ಚೆ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕು ಕೋಶಗಳು ಕೈಚೆಲ್ಲಿ, ನೋಡುವ ಕೆಲಸ ಸರಳು ಕೋಶಗಳ ಪಾಲಿಗೆ ಬಂದಿರುತ್ತದೆ. ಇವು ಬಲು ಸೂಕ್ಷ್ಮ, ಆದರೆ ನಿಧಾನ.

ಸರಳು ಕೋಶದ ತುದಿಯಲ್ಲಿ ಪೊರೆಯ ತಟ್ಟೆಗಳು ಜೋಳದ ರೊಟ್ಟಿಯ ಹಾಗೆ ಒಂದರ ಮೇಲೊಂದು ಪೇರಿಕೊಂಡಿವೆ. ನಮ್ಮಲ್ಲಿ ಸುಮಾರು ಸಾವಿರ. ಬೆಳಕು ಹಿಡಿಯುವ ರೊಡಾಪ್ಸಿನ್ ಈ ಪೊರೆಯಲ್ಲೇ ತೇಲುತ್ತದೆ. 1974ರಲ್ಲಿ ಮು-ಮಿಂಗ್ ಪೂ ಮತ್ತು ರಿಚರ್ಡ್ ಕೋನ್ ಕಪ್ಪೆಯ ಸರಳು ಕೋಶದ ಒಂದು ಮಗ್ಗುಲಿಗೆ ಮಾತ್ರ ಬೆಳಕು ಬಿಟ್ಟು, ಅಲ್ಲಿನ ರೊಡಾಪ್ಸಿನ್ನಿನ ಬಣ್ಣ ಕಳೆದರು. ಹತ್ತಾರು ಸೆಕೆಂಡುಗಳಲ್ಲಿ ಬಣ್ಣವಿದ್ದವು, ಇಲ್ಲದವು ಬೆರೆತು ಎರಡೂ ಮಗ್ಗುಲು ಸಮವಾದವು. ಅಡ್ಡಡ್ಡಲಾಗಿ ಓಡಾಟ ಸಲೀಸು. ಮೇಲಿನ ತಟ್ಟೆಯಿಂದ ಕೆಳಗಿನದಕ್ಕೆ ಮಾತ್ರ ದಾರಿಯಿಲ್ಲ, ಏಕೆಂದರೆ ಪ್ರತಿ ತಟ್ಟೆಯೂ ಬಿಡಿಬಿಡಿ. ಶಂಕು ಕೋಶದಲ್ಲಿ ಹಾಗಲ್ಲ. ಅಲ್ಲಿ ತಟ್ಟೆಗಳು ಹೊರಪೊರೆಯದೇ ಮಡಿಕೆಗಳು.

ಬೆಳಕಿನ ಒಂದೇ ಕಣ ತಗುಲಿದರೂ ಸಾಕು, ರೊಡಾಪ್ಸಿನ್ ಚುರುಕಾಗಿ ಪಕ್ಕದಲ್ಲಿ ಸುಳಿದಾಡುವ ಟ್ರಾನ್ಸ್‌ಡ್ಯೂಸಿನ್ ಎಂಬ ಪ್ರೋಟೀನುಗಳನ್ನು ಒಂದರ ಬೆನ್ನಿಗೊಂದು ಎಚ್ಚರಿಸುತ್ತದೆ. ಇವೆರಡೂ ಡಿಕ್ಕಿಯಾದರಷ್ಟೇ ಸುದ್ದಿ ಮುಂದಕ್ಕೆ. ಆದರೆ ಕಣ ತಪ್ಪಿಸಿಕೊಳ್ಳಬಾರದೆಂದು ಒಂದೊಂದು ಕೋಶದಲ್ಲೂ ಕೋಟಿಗಟ್ಟಲೆ ರೊಡಾಪ್ಸಿನ್ ತುಂಬಿದೆ. ಇಷ್ಟು ಜನಜಂಗುಳಿಯಲ್ಲಿ ಯಾರು ತಾನೇ ಬೇಗ ನಡೆದಾರು? 2001ರಲ್ಲಿ ರೊಡಾಪ್ಸಿನ್ ಅರ್ಧಕ್ಕಿಳಿದ ಇಲಿಗಳನ್ನು ಪರೀಕ್ಷಿಸಿದಾಗ ಕೋಶದ ಪ್ರತಿಕ್ರಿಯೆ ಚುರುಕಾಗಿದ್ದು ಕಂಡಿತು. ಆ ಇಲಿಗಳಲ್ಲಿ ತಟ್ಟೆಗಳೂ ಕಿರಿದಾಗಿದ್ದವು, ಹಾಗಾಗಿ ದಟ್ಟಣೆ ಕಡಿಮೆಯಾಗಿರಲಿಕ್ಕಿಲ್ಲ ಎಂಬ ತಕರಾರು ಆಮೇಲೆ ಬಂತು. ವಾದ ಅಷ್ಟು ಸುಲಭಕ್ಕೆ ಮುಗಿಯುವಂಥದ್ದಲ್ಲ. ನನ್ನ ಮಟ್ಟಿಗೆ, ರಾತ್ರಿಯ ಕಣ್ಣು ವೇಗ ಬಿಟ್ಟುಕೊಟ್ಟು ಸೂಕ್ಷ್ಮತೆ ಕೊಂಡಿದೆ ಎನ್ನುವುದೇ ಸರಿ.

ಪೊರೆಯನ್ನು ಇಷ್ಟಾದರೂ ಸಡಿಲವಾಗಿಟ್ಟಿರುವುದು ಅದರಲ್ಲಿ ಹೇರಳವಾಗಿರುವ ಡಿಎಚ್‌ಎ, ಅಂದರೆ ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬು.

ಕರಡಿಯ ಸರಳು ಕೋಶವೂ ಇದೇ ಬಗೆಯದು. ಅದಕ್ಕೆ ಅಕ್ಷಿಪಟಲದ ಹಿಂದೆ ಬೆಳಕನ್ನು ಮರಳಿಸುವ ಪದರವೂ ಉಂಟು. ಇಷ್ಟಿದ್ದೂ ಗೆದ್ದಲಿನ ಹುತ್ತ ಹುಡುಕಲು ಅದು ನಂಬುವುದು ಮೂಗನ್ನೇ.

ಗೋಪುರದಲ್ಲಿ ಕತ್ತಲಾದಾಗ ಮೊಬೈಲ್ ದೀಪ ಹೊತ್ತಿಸಬೇಡಿ. ಬಣ್ಣ ಕಳೆದುಕೊಂಡ ರೊಡಾಪ್ಸಿನ್ ಪೂರ್ತಿ ಸರಿಹೋಗಲು ಅರ್ಧ ಗಂಟೆಗೂ ಹೆಚ್ಚು ಬೇಕು. ಅಷ್ಟರಲ್ಲಿ ಕರಡಿ ಬೆಲ್ಲ ನೆಕ್ಕಿ ಹೊರಟುಹೋಗಿರುತ್ತದೆ.