ಯಾವ ಕಂಪನಿ ಡ್ರೈವ್, ಅಣ್ಣಾ?

ಶ್ರೀರಾಂಪುರ ಮೆಟ್ರೊ ನಿಲ್ದಾಣದ ಪ್ಲಾಟ್‌ಫಾರಂನಲ್ಲಿ ನಿಂತರೆ ಕಣ್ಣೆದುರಿಗೆ ತಾರಸಿಗಳೇ ತಾರಸಿಗಳು. ಕರಿ ನೀರಿನ ಟ್ಯಾಂಕುಗಳು, ಒಣಹಾಕಿದ ಸೀರೆ ಪಂಚೆಗಳು, ಮುಂದೆಂದಾದರೂ ಇನ್ನೊಂದು ಮಹಡಿ ಏರಿಸೋಣವೆಂದು ಬಿಟ್ಟ ತುಕ್ಕು ಹಿಡಿದ ಕಂಬಿಗಳು. ಪೀಣ್ಯದ ಕಡೆಯ ರೈಲು ಬಂದು ನಿಂತು, ಬಾಗಿಲು ಮುಚ್ಚಿಕೊಂಡು ಹೊರಡುವಾಗ ಬೋಗಿಯ ತಳದಿಂದ ಒಂದು ಸ್ವರ ಏಳುತ್ತದೆ. ಮೆಟ್ಟಿಲು ಹತ್ತಿದ ಹಾಗೆ ಏರುತ್ತಾ ಹೋಗಿ, ರೈಲು ವೇಗ ಹಿಡಿಯುವಷ್ಟರಲ್ಲಿ ಗಾಲಿಯ ಸದ್ದಿನಲ್ಲಿ ಅಡಗಿಬಿಡುತ್ತದೆ. 2014ರ ಮಾರ್ಚ್ 1ರಿಂದ ಇಲ್ಲಿನವರ ಕಿವಿಗೆ ದಿನವೂ ಬೀಳುತ್ತಿರುವ ಸದ್ದು ಇದು.

ಹಳಿಯ ಪಕ್ಕದ ಮೂರನೇ ಹಳಿಯಲ್ಲಿ ಹರಿಯುವುದು 750 ವೋಲ್ಟಿನ ಡಿಸಿ ಕರೆಂಟು. ರೈಲನ್ನು ಎಳೆಯುವುದು ಮೂರು ಫೇಸಿನ ಎಸಿ ಮೋಟಾರು. ನಡುವೆ ಕೂತ ಪೆಟ್ಟಿಗೆ ಆ ಡಿಸಿಯನ್ನು ಕತ್ತರಿಸಿ ಕತ್ತರಿಸಿ, ಬೇಕಾದ ವೋಲ್ಟೇಜು, ಬೇಕಾದ ಆವರ್ತನದ ಎಸಿಯನ್ನಾಗಿ ಮಾಡಿ ಮೋಟಾರಿಗೆ ಉಣಿಸುತ್ತದೆ. ಬಿಇಎಂಎಲ್ ಕಟ್ಟಿಕೊಟ್ಟ ಮೊದಲ ಹಂತದ ರೈಲುಗಳಲ್ಲಿ ಆ ಪೆಟ್ಟಿಗೆ ಮಿತ್ಸುಬಿಷಿ ಎಲೆಕ್ಟ್ರಿಕ್‌ನದು. ಆವರ್ತನ ಏರಿದಷ್ಟೂ ಮೋಟಾರಿನ ವೇಗ ಏರುತ್ತದೆ. ನಾವು ಕೇಳುವ ಸ್ವರ ಆ ಕತ್ತರಿಸುವ ಕೆಲಸದ್ದು. ಕಾರ್ಖಾನೆಯವರ ಬಾಯಲ್ಲಿ ಈ ಪೆಟ್ಟಿಗೆಯ ಹೆಸರು ವಿಎಫ್‌ಡಿ, ಇಲ್ಲವೇ ಬರೀ ಡ್ರೈವ್.

ನಿಲ್ದಾಣದ ಮೆಟ್ಟಿಲಿಳಿದು ಗಲ್ಲಿಯೊಳಕ್ಕೆ ಹೊಕ್ಕರೆ ಅದೇ ಪೆಟ್ಟಿಗೆಯ ಚಿಕ್ಕ ತಮ್ಮಂದಿರು ಅಲ್ಲಲ್ಲಿ ಸಿಗುತ್ತಾರೆ. ಒಂದು ಲೇತಿನ ಪಕ್ಕದ ಗೋಡೆಯಲ್ಲಿ, ಮೂವತ್ತು ನಲವತ್ತರ ಸೈಟಿನಲ್ಲಿ ಎದ್ದ ಐದು ಮಹಡಿಯ ಲಿಫ್ಟಿನ ನೆತ್ತಿಯಲ್ಲಿ, ಕಲ್ಯಾಣ ಮಂಟಪದ ನೀರಿನ ಪಂಪಿನ ಮೇಲೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೊರಟ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 25, ಅಂದರೆ 25 ಹರ್ಟ್ಸ್. ಈಗ ನಮ್ಮ ಮನೆಗೆ ಬರುವುದು 50. ಡ್ರೈವ್ ಬರುವ ಮುಂಚೆ ಈ ಆವರ್ತನ ಎಷ್ಟಿರಬೇಕು ಅನ್ನುವುದನ್ನು ಪವರ್ ಹೌಸೇ ನಿರ್ಧರಿಸುತ್ತಿತ್ತು, ಮೋಟಾರು ತೆಪ್ಪಗೆ ಅದಕ್ಕೆ ತಕ್ಕಂತೆ ತಿರುಗುತ್ತಿತ್ತು. ಈಗ ಅದನ್ನು ಶ್ರೀರಾಂಪುರದ ಲೇತಿನ ಹುಡುಗ ಹೆಬ್ಬೆರಳ ಗಾತ್ರದ ಒಂದು ಗುಂಡಿ ತಿರುಗಿಸಿ ನಿರ್ಧರಿಸುತ್ತಾನೆ. ಇದು ಸಣ್ಣ ಬದಲಾವಣೆಯಲ್ಲ. ಬಿನ್ನಿ ಮಿಲ್ಲು, ಮಿನರ್ವ ಮಿಲ್ಲುಗಳ ಸೈರನ್ನಿಗೆ ಎದ್ದು ಹೊರಡುತ್ತಿದ್ದ ಕಾರ್ಮಿಕರ ಬಡಾವಣೆಯಲ್ಲಿ ಯಂತ್ರದ ವೇಗ ಈಗ ಕೆಲಸಗಾರನ ಕೈಗೆ ಬಂದಿದೆ.

ಮೋಟಾರ್ ವೈಂಡಿಂಗ್ ಅಂಗಡಿಯೊಂದರ ಮುಂದೆ ನಿಲ್ಲೋಣ. ವಾರ್ನಿಷ್ ವಾಸನೆ ರಸ್ತೆಗೇ ಬರುತ್ತದೆ. ನೆಲದ ಮೇಲೆ ಕಪ್ಪಗೆ ಸುಟ್ಟ ಸ್ಟೇಟರುಗಳು, ಗೋಡೆಯ ಮೊಳೆಗೆ ನೇತುಹಾಕಿದ ತಾಮ್ರದ ಕಾಯಿಲುಗಳು. ವೈಂಡರ್‌ಗೆ ವಯಸ್ಸಾಗಿದೆ, ಕನ್ನಡಕ ಮೂಗಿನ ತುದಿಗಿದೆ. ಎದುರಿಗೆ ಲೇತಿನ ಯುವಕ. ಅವನದು ಸಿಂಗಲ್ ಫೇಸ್ ಕನೆಕ್ಷನ್ನು, ಕೈಗೆ ಬಂದದ್ದು ಮೂರು ಫೇಸಿನ 2 ಎಚ್‌ಪಿ ಮೋಟಾರು.

‘ಯಾವ ಕಂಪನಿ ಡ್ರೈವ್ ತಗೊಳ್ಲಿ ಅಣ್ಣಾ?’

‘ಕಂಪನಿ ಆಮೇಲೆ. ಮೊದಲು ಆಂಪಿಯರ್ ನೋಡಪ್ಪ.’

ಹೀಗಂದು ಅವರು ಟರ್ಮಿನಲ್ ಬಾಕ್ಸಿನ ಮುಚ್ಚಳ ಬಿಚ್ಚುತ್ತಾರೆ. ಒಳಗೆ ಆರು ಬೋಲ್ಟು, ಅವುಗಳ ಮೇಲೆ ಅಡ್ಡಕ್ಕೆ ಕೂತ ಪಟ್ಟಿ. ನಮ್ಮಲ್ಲಿ ಇಂಥ ಸಣ್ಣ ಮೋಟಾರು ಸಾಮಾನ್ಯವಾಗಿ ಸ್ಟಾರ್ ಜೋಡಣೆಯಲ್ಲೇ ಬರುತ್ತದೆ. ಹೊರಗೆ 415 ವೋಲ್ಟ್ ಕೊಟ್ಟರೂ ಒಳಗಿನ ಒಂದೊಂದು ಸುರುಳಿಗೆ ಸಿಗುವುದು 240. ಸಿಂಗಲ್ ಫೇಸಿನಿಂದ ನಡೆಯುವ ಡ್ರೈವ್ ಮೂರು ಫೇಸನ್ನೇನೋ ಹುಟ್ಟಿಸಿ ಕೊಡುತ್ತದೆ, ಆದರೆ ವೋಲ್ಟೇಜು 230ರ ಆಸುಪಾಸು ಮಾತ್ರ. ಹಾಗಾಗಿ ಅಡ್ಡಪಟ್ಟಿ ಬಿಚ್ಚಿ, ಮೇಲಿನ ಬೋಲ್ಟಿಗೂ ಕೆಳಗಿನ ಬೋಲ್ಟಿಗೂ ಸೇರುವಂತೆ ಉದ್ದಕ್ಕೆ ಮೂರು ಪಟ್ಟಿ ಕೂರಿಸಬೇಕು. ಡೆಲ್ಟಾ ಜೋಡಣೆ ಆಯಿತು, ಸುರುಳಿಗೆ ಬೇಕಾದ ವೋಲ್ಟೇಜು ಸಿಕ್ಕಿತು. ಸ್ಟಾರ್‌ನಲ್ಲಿ ಮೂರೂವರೆ ಆಂಪಿಯರ್ ಎಳೆಯುತ್ತಿದ್ದ ಅದೇ ಮೋಟಾರು ಈಗ ಆರು ಆಂಪಿಯರ್ ಎಳೆಯುತ್ತದೆ. 2 ಎಚ್‌ಪಿ ಎಂದು ಹೇಳಿ ಡ್ರೈವ್ ತಂದವನು ಇಲ್ಲೇ ಕೆಡುವುದು. ಡ್ರೈವಿನ ನೇಮ್ ಪ್ಲೇಟಿನಲ್ಲಿ ಆ ಆರಕ್ಕಿಂತ ಮೇಲೆ ಬರೆದಿದೆಯೋ ಇಲ್ಲವೋ ಅನ್ನುವುದು ಕಂಪನಿಯ ಹೆಸರಿಗಿಂತ ಮುಂಚಿನ ಪ್ರಶ್ನೆ.

ಎರಡನೆಯ ಪ್ರಶ್ನೆ ಲೋಡಿನದು. ಗಾಳಿ ಬೀಸುವ ಫ್ಯಾನು ನಿಧಾನಕ್ಕೆ ತಿರುಗಿದರೆ ಅದರ ಭಾರ ತಾನಾಗಿ ಇಳಿಯುತ್ತದೆ. ಕ್ರೇನು, ಪ್ಲಾಸ್ಟಿಕ್ ಎಕ್ಸ್‌ಟ್ರೂಡರು, ಕನ್ವೇಯರು ಹಾಗಲ್ಲ. ಎಷ್ಟು ನಿಧಾನಿಸಿದರೂ ಅಷ್ಟೇ ತೂಕ, ಹೊರಡುವಾಗ ಇನ್ನೂ ಹೆಚ್ಚು. ಅದಕ್ಕೇ ಅನೇಕ ಸಲ ಒಂದೇ ಡ್ರೈವಿನ ಮೈಮೇಲೆ ಆಂಪಿಯರಿನ ಎರಡು ಅಂಕಿ ಇರುತ್ತವೆ, ನಾರ್ಮಲ್ ಡ್ಯೂಟಿಯದೊಂದು, ಹೆವಿ ಡ್ಯೂಟಿಯದೊಂದು. ನಾರ್ಮಲ್ ಡ್ಯೂಟಿಯಲ್ಲಿ ಸಾಮಾನ್ಯವಾಗಿ ಒಂದು ನಿಮಿಷದ ಮಟ್ಟಿಗೆ ಆ ಅಂಕಿಯ 110 ಪರ್ಸೆಂಟ್ ಕರೆಂಟು ತಡೆಯುತ್ತದೆ, ಹೆವಿ ಡ್ಯೂಟಿಯಲ್ಲಿ 150. ಕಡಿಮೆ ಬೆಲೆಯ ಕೊಟೇಶನ್ನುಗಳಲ್ಲಿ ಅನೇಕ ಸಲ ನಾರ್ಮಲ್ ಡ್ಯೂಟಿಯ ಅಂಕಿ ದಪ್ಪಕ್ಷರದಲ್ಲಿರುತ್ತದೆ. ಎರಡು ಕಂಪನಿಯ ಬೆಲೆ ಹೋಲಿಸುವಾಗ ಎರಡೂ ಕಡೆ ಒಂದೇ ಡ್ಯೂಟಿಯ ಅಂಕಿ ಇಟ್ಟುಕೊಳ್ಳದಿದ್ದರೆ ಆ ಹೋಲಿಕೆಗೆ ಅರ್ಥವೇ ಇಲ್ಲ.

ಡ್ರೈವ್ ಹಾಕಿದ ಕಡೆಯೆಲ್ಲ ಕರೆಂಟು ಉಳಿಯುತ್ತದೆ ಅನ್ನುವ ನಂಬಿಕೆಯೂ ಈ ಗಲ್ಲಿಗಳಲ್ಲಿ ಓಡಾಡುತ್ತಿದೆ. ಫ್ಯಾನಿನ ಮಟ್ಟಿಗೆ ನಿಜ, ಚೆನ್ನಾಗಿಯೇ ನಿಜ. ವೇಗವನ್ನು ನೂರರಿಂದ ಎಂಬತ್ತಕ್ಕೆ, ಅಂದರೆ 50 ಹರ್ಟ್ಸ್‌ನಿಂದ 40ಕ್ಕೆ ಇಳಿಸಿದರೆ ಅದು ಬೇಡುವ ಶಕ್ತಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಆದರೆ ಸಂಪಿನಿಂದ ನಾಲ್ಕನೇ ಮಹಡಿಯ ಟ್ಯಾಂಕಿಗೆ ನೀರೆತ್ತುವ ಮನೆಯ ಪಂಪಿಗೆ ಈ ಲೆಕ್ಕ ಹೊಂದುವುದಿಲ್ಲ. ಎತ್ತರ ಇದ್ದಷ್ಟೇ ಇರುತ್ತದೆ. ವೇಗ ತಗ್ಗಿಸಿದರೆ ನೀರು ಟ್ಯಾಂಕಿನ ತನಕ ಏರುವುದೇ ಇಲ್ಲ. ಹಿಟ್ಟಿನ ಗಿರಣಿಗೂ ಅಷ್ಟೆ. ಕಲ್ಲು ಒಂದೇ ವೇಗದಲ್ಲಿ ದಿನವಿಡೀ ತಿರುಗಿದರೆ ಸಾಕು. ಅಲ್ಲಿ ಸ್ಟಾರ್ ಡೆಲ್ಟಾ ಸ್ಟಾರ್ಟರು ಮಾಡುವ ಕೆಲಸಕ್ಕೆ ಡ್ರೈವ್ ಮಾರುವುದು ನನಗೆ ಸರಿ ಕಾಣುವುದಿಲ್ಲ. ಬೇಡದ ಕಡೆ ಬೇಡ ಅನ್ನುವ ಎಲೆಕ್ಟ್ರಿಷಿಯನ್ ಸಿಕ್ಕರೆ ಅವನ ನಂಬರು ಜೋಪಾನವಾಗಿಟ್ಟುಕೊಳ್ಳಬೇಕು.

ಲಿಫ್ಟಿನ ಕಥೆ ಬೇರೆ. ಶ್ರೀರಾಂಪುರ, ಓಕಳಿಪುರ, ರಾಮಚಂದ್ರಪುರಗಳಲ್ಲಿ ಮನೆಗಳು ಮೇಲಕ್ಕೆ ಬೆಳೆಯುತ್ತಿವೆ, ಕಿಷ್ಕಿಂಧೆಯಂಥ ಜಾಗದಲ್ಲಿ ಲಿಫ್ಟು ಕೂರುತ್ತಿದೆ. ಲಿಫ್ಟಿನ ತೊಟ್ಟಿಲು ಕಟ್ಟಿದ ಹಗ್ಗದ ಇನ್ನೊಂದು ತುದಿಗೆ ತೂಗುವ ಪ್ರತಿಭಾರ, ಖಾಲಿ ತೊಟ್ಟಿಲಿಗಿಂತ ಹೆಚ್ಚು ತೂಕದ್ದು. ಹಾಗಾಗಿ ಖಾಲಿ ಲಿಫ್ಟು ಮೇಲೇರುವಾಗ ಮೋಟಾರು ಎಳೆಯುವುದಿಲ್ಲ, ಹಿಡಿದು ತಡೆಯುತ್ತದೆ. ಆ ಹೊತ್ತಿನಲ್ಲಿ ಮೋಟಾರೇ ಜನರೇಟರಾಗಿ ಕರೆಂಟನ್ನು ಡ್ರೈವಿನೊಳಕ್ಕೆ ತಳ್ಳುತ್ತದೆ. ಹೋಗಲು ಜಾಗವಿಲ್ಲದೆ ಒಳಗಿನ ವೋಲ್ಟೇಜು ಏರಿ ಡ್ರೈವ್ ಟ್ರಿಪ್ ಆಗುತ್ತದೆ. ಆ ಕರೆಂಟನ್ನು ಬಿಸಿಯಾಗಿ ಸುಟ್ಟು ಕಳೆಯಲು ಬ್ರೇಕ್ ರೆಸಿಸ್ಟರ್ ಬೇಕು. ಲಿಫ್ಟಿಗೆಂದೇ ಮಾಡಿದ ಡ್ರೈವಿನಲ್ಲಿ ಬ್ರೇಕ್ ಬಿಡುವ ಹೊತ್ತು, ಮಹಡಿಗೆ ಸಮನಾಗಿ ನಿಲ್ಲುವ ಲೆಕ್ಕ, ಕರೆಂಟು ಹೋದಾಗ ಬ್ಯಾಟರಿಯಿಂದ ಹತ್ತಿರದ ಮಹಡಿಗೆ ತಲುಪಿಸುವ ಏರ್ಪಾಡು ಎಲ್ಲವೂ ಮೊದಲೇ ಇರುತ್ತವೆ. ಪಂಪಿನ ಡ್ರೈವನ್ನು ತಂದು ಲಿಫ್ಟಿಗೆ ಹಾಕಿ ದುಡ್ಡು ಉಳಿಸುವವರ ಮೇಲೆ ನನಗೆ ಸಿಟ್ಟಿದೆ. ಮೊಮ್ಮಗುವನ್ನು ಎತ್ತಿಕೊಂಡು ಅಜ್ಜಿ ಹತ್ತುವ ಲಿಫ್ಟು ಅದು.

ರೈಲಿನ ಕಿಟಕಿಯಿಂದ ವಾಯವ್ಯಕ್ಕೆ ನೋಡಿದರೆ ಎತ್ತರದ ಗಾಜಿನ ಕಟ್ಟಡಗಳು ಕಾಣುತ್ತವೆ. ಡಾ. ರಾಜ್‌ಕುಮಾರ್ ರಸ್ತೆಯ ಬ್ರಿಗೇಡ್ ಗೇಟ್‌ವೇ, ಓರಾಯನ್ ಮಾಲ್ ಇರುವ ನೆಲದಲ್ಲಿ ಹಿಂದೆ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯಿತ್ತು. 1946ರಲ್ಲಿ ಶುರುವಾದ ಆ ಕಂಪನಿಯ ಮೋಟಾರುಗಳು ನಾಡಿನ ಎಷ್ಟೋ ಗಿರಣಿಗಳಲ್ಲಿ, ಪಂಪ್‌ಸೆಟ್ಟುಗಳಲ್ಲಿ ಇಂದಿಗೂ ತಿರುಗುತ್ತಿವೆ. ಮೋಟಾರು ಹುಟ್ಟುತ್ತಿದ್ದ ಜಾಗದಲ್ಲೀಗ ಮೋಟಾರು ಮರೆಯಲ್ಲಿ ಕೂತು ದುಡಿಯುತ್ತದೆ. ತಣ್ಣನೆ ಗಾಳಿಯ ಫ್ಯಾನು, ಚಿಲ್ಲರಿನ ನೀರಿನ ಪಂಪು, ಎಸ್ಕಲೇಟರು. ಇಂಥ ಕಟ್ಟಡದ ಇಂಜಿನಿಯರು ಡ್ರೈವ್ ಆರಿಸುವಾಗ ಕೇಳುವ ಪ್ರಶ್ನೆಗಳು ಲೇತಿನ ಹುಡುಗನವಲ್ಲ. ಕಟ್ಟಡದ ಕಂಪ್ಯೂಟರಿನ ಜೊತೆ ಬ್ಯಾಕ್‌ನೆಟ್ ಭಾಷೆಯಲ್ಲಿ ಮಾತಾಡುತ್ತದೆಯೇ? ಕರೆಂಟಿನ ಅಲೆಯನ್ನು ಕೆಡಿಸುವ ಹಾರ್ಮೋನಿಕ್ಸ್ ತಗ್ಗಿಸಲು ಚೋಕ್ ಒಳಗೇ ಇದೆಯೇ? ಕುಂಯ್ ಅನ್ನುವ ಸದ್ದು ಮೇಲಿನ ಆಫೀಸಿಗೆ ಕೇಳುತ್ತದೆಯೇ? ಎಲ್ಲಕ್ಕಿಂತ ದೊಡ್ಡದು ಫೈರ್ ಮೋಡ್. ಡ್ರೈವ್ ಸದಾ ತನ್ನನ್ನು ತಾನು ಉಳಿಸಿಕೊಳ್ಳುವ ಯಂತ್ರ, ಬಿಸಿಯಾದರೆ ನಿಲ್ಲುತ್ತದೆ. ಬೆಂಕಿ ಬಿದ್ದಾಗ ಹೊಗೆ ಹೊರಹಾಕುವ ಫ್ಯಾನು ಹಾಗೆ ನಿಲ್ಲಕೂಡದು. ಫೈರ್ ಮೋಡಿನಲ್ಲಿ ಅದು ತನ್ನ ರಕ್ಷಣೆಯ ಟ್ರಿಪ್ಪುಗಳನ್ನು ಬದಿಗಿಟ್ಟು, ಸುಟ್ಟುಹೋದರೂ ಸರಿಯೆಂದು ಓಡುತ್ತದೆ. ಕಟ್ಟಡಕ್ಕೆ ಡ್ರೈವ್ ಕೊಳ್ಳುವವರು ಇದನ್ನು ಕ್ಯಾಟಲಾಗಿನಲ್ಲಿ ಓದಿ ಬಿಟ್ಟರೆ ಸಾಲದು, ನಡೆಸಿ ನೋಡಬೇಕು.

ಇನ್ನು ಹೆಸರುಗಳು. ಡೆನ್ಮಾರ್ಕಿನ ಡ್ಯಾನ್‌ಫಾಸ್ 1968ರಲ್ಲೇ ಡ್ರೈವನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿತು. ಫಿನ್ಲೆಂಡಿನ ಸ್ಟ್ರೋಂಬರ್ಗ್ ಹೆಲ್ಸಿಂಕಿಯ ಮೆಟ್ರೊ ರೈಲಿಗೆ ಕೂರಿಸಿದ ವಿದ್ಯೆ ಮುಂದೆ ಎಬಿಬಿಯದಾಯಿತು. ಜಪಾನಿನ ಯಾಸ್ಕಾವಾ, ಮಿತ್ಸುಬಿಷಿ, ಫ್ಯೂಜಿ, ಜರ್ಮನಿಯ ಸೀಮೆನ್ಸ್, ಫ್ರಾನ್ಸಿನ ಶ್ನೈಡರ್, ತೈವಾನಿನ ಡೆಲ್ಟಾ. ಇವುಗಳಲ್ಲಿ ಯಾವುದನ್ನು ತಂದರೂ, ಅಳತೆ ಸರಿಯಿದ್ದರೆ, ಮೋಟಾರು ಸರಿಯಾಗೇ ತಿರುಗುತ್ತದೆ. ಹೆಸರುಗಳೂ ಒಂದೇ ಕಡೆ ನಿಲ್ಲುವುದಿಲ್ಲ. 2014ರಲ್ಲಿ ವ್ಯಾಕನ್ ಕಂಪನಿಯನ್ನು ಡ್ಯಾನ್‌ಫಾಸ್ ಕೊಂಡಿತು, 2020ರಲ್ಲಿ ಎಲ್ ಆ್ಯಂಡ್ ಟಿಯ ಎಲೆಕ್ಟ್ರಿಕಲ್ ವಿಭಾಗ ಶ್ನೈಡರ್ ಪಾಲಾಯಿತು. ಇವತ್ತು ಕೊಂಡ ಡ್ರೈವ್ ಹತ್ತು ವರ್ಷ ಬಾಳಬೇಕಾದ ಸಾಮಾನು. ಹತ್ತು ವರ್ಷದಲ್ಲಿ ಅದರ ಸೀರೀಸು ನಿಂತುಹೋಗಬಹುದು, ಕೂಲಿಂಗ್ ಫ್ಯಾನು ಸಿಗದೇ ಹೋಗಬಹುದು. ನಾನು ಆರಿಸುವುದಾದರೆ ಮುಖದ ಮೇಲಿನ ಹೆಸರಿಗೆ ಅರ್ಧ ಅಂಕ ಕೊಟ್ಟು, ಉಳಿದದ್ದನ್ನೆಲ್ಲ ಕೆಟ್ಟ ದಿನ ಬಂದು ನಿಲ್ಲುವ ಮನುಷ್ಯನಿಗೆ ಕೊಡುತ್ತೇನೆ.

ಈ ವಿಷಯದಲ್ಲಿ ಬೆಂಗಳೂರು ಪುಣ್ಯ ಮಾಡಿದೆ. ಎಬಿಬಿಯ ದೊಡ್ಡ ಕಾರ್ಖಾನೆ ಪೀಣ್ಯದಲ್ಲಿದೆ, ಶ್ರೀರಾಂಪುರದಲ್ಲಿ ಹತ್ತಿದ ಅದೇ ಹಸಿರು ಮಾರ್ಗದ ರೈಲಿನಲ್ಲಿ ಹೋಗಿ ಅಲ್ಲಿ ಇಳಿಯಬಹುದು. ಯಾಸ್ಕಾವಾದ ಭಾರತದ ಕಚೇರಿ ಈ ಊರಿನಲ್ಲೇ ಇದೆ. ಡೆಲ್ಟಾ ಹೊಸೂರು ದಾಟಿದರೆ ಸಿಗುವ ಕೃಷ್ಣಗಿರಿಯಲ್ಲಿ ಘಟಕ ನಡೆಸುತ್ತಿದೆ. ಎಸ್‌ಜೆಪಿ ರಸ್ತೆಯಲ್ಲಿ ಹೊಸ ಡ್ರೈವ್, ಎಸ್‌ಪಿ ರಸ್ತೆಯಲ್ಲಿ ಹಳೆಯ ಬೋರ್ಡು, ಬಿಡಿಭಾಗ ಸಿಗುತ್ತವೆ. ಹವೆಯೂ ಇಲ್ಲಿ ಡ್ರೈವಿಗೆ ಹಿತ. ಸಮುದ್ರಮಟ್ಟದಿಂದ 1000 ಮೀಟರ್ ದಾಟಿದರೆ ಗಾಳಿ ತೆಳುವಾಗಿ ತಂಪು ಸಾಲದೆ, ಡ್ರೈವಿನ ಸಾಮರ್ಥ್ಯವನ್ನು ಪ್ರತಿ 100 ಮೀಟರಿಗೆ ಸುಮಾರು ಒಂದು ಪರ್ಸೆಂಟ್ ಕಡಿಮೆಯೆಂದೇ ಎಣಿಸಬೇಕು. ಮಡಿಕೇರಿಯವರು ಆ ಲೆಕ್ಕ ಹಾಕಲೇಬೇಕು. ಸುಮಾರು 920 ಮೀಟರಿನ ಬೆಂಗಳೂರು ಸ್ವಲ್ಪದರಲ್ಲಿ ತಪ್ಪಿಸಿಕೊಂಡಿದೆ. ಆದರೆ ಶೀಟಿನ ಶೆಡ್ಡಿನಲ್ಲಿ, ಗಾಳಿಯಾಡದ ಪ್ಯಾನೆಲ್ ಬೋರ್ಡಿನಲ್ಲಿ ಕೂಡಿಹಾಕಿದರೆ ಬೆಂಗಳೂರಿನ ತಂಪು ಯಾವ ಉಪಯೋಗಕ್ಕೂ ಬಾರದು. ಒಳಗಿನ ಕೆಪಾಸಿಟರಿನ ಬಿಸಿ ಹತ್ತು ಡಿಗ್ರಿ ಹೆಚ್ಚಿದರೆ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆ. ಲೇತಿನ ಕಬ್ಬಿಣದ ಪುಡಿ ಬೋರ್ಡಿನ ಮೇಲೆ ಕೂತರಂತೂ ಯಾವ ದೇಶದ ಡ್ರೈವೂ ಉಳಿಯುವುದಿಲ್ಲ.

ಲೇತಿನ ಯುವಕ ಕೊನೆಗೆ ತಂದದ್ದು ನಡುವಿನ ಬೆಲೆಯದು. ಡೀಲರು ಪಕ್ಕದ ರಸ್ತೆಯವರು, ಅದೇ ಸೀರೀಸಿನ ಇನ್ನೊಂದು ಡ್ರೈವ್ ಅವರ ಅಂಗಡಿಯಲ್ಲಿ ಯಾವಾಗಲೂ ಇರುತ್ತದೆ, ಕೆಟ್ಟರೆ ಅದನ್ನು ಕೊಟ್ಟು ಕೆಲಸ ನಡೆಸುತ್ತಾರೆ. ಇಷ್ಟೇ ಕಾರಣ, ಮತ್ತು ಅದು ಒಳ್ಳೆಯ ಕಾರಣ. ವೈಂಡರ್ ಬಂದು ಅರ್ಥಿಂಗ್ ವೈರನ್ನು ಎಳೆದು ನೋಡಿ, ಡ್ರೈವನ್ನು ಆಳೆತ್ತರಕ್ಕೆ ಪುಡಿ ಹಾರದ ಕಡೆ ಕೂರಿಸಿದರು. ಆಮೇಲೆ ಪುಟ್ಟ ಪರದೆಯಲ್ಲಿ ಒಂದೊಂದೇ ಪ್ಯಾರಾಮೀಟರ್ ಹಾಕಿದರು: 50 ಹರ್ಟ್ಸ್, 230 ವೋಲ್ಟ್, ವೇಗ 1440, ಹೊರಡಲು ಐದು ಸೆಕೆಂಡು, ನಿಲ್ಲಲು ಎಂಟು, ಕೊನೆಗೆ ಕರೆಂಟು. ಅವನ್ನೆಲ್ಲ ಮಾರ್ಕರಿನಲ್ಲಿ ಪ್ಯಾನೆಲ್ ಬಾಗಿಲ ಒಳಮೈಗೆ ಬರೆದು, ಕೊನೆಯ ಸಾಲಿಗೆ ಎರಡು ಗೆರೆ ಎಳೆದರು.

‘ಕರೆಂಟು ಆರು ಆಂಪಿಯರ್ ಅಂತ ಹಾಕಿದ್ದೀನಿ ಕಣಪ್ಪ. ಟ್ರಿಪ್ ಆಗ್ತಿದೆ ಅಂತ ಯಾರಾದರೂ ಬಂದು ಇದನ್ನ ಹತ್ತಕ್ಕೆ ಏರಿಸ್ತೀನಿ ಅಂದರೆ ಮುಟ್ಟೋಕೆ ಬಿಡಬೇಡ. ಟೂಲ್ ಮೊಂಡಾಗಿದೆಯಾ, ಬೇರಿಂಗ್ ಹಿಡಿದಿದೆಯಾ ನೋಡು. ಹಾಗೇ, ಮೇನ್ ಆಫ್ ಮಾಡಿದ ಮೇಲೂ ಐದು ಹತ್ತು ನಿಮಿಷ ಮುಚ್ಚಳ ತೆಗೀಬೇಡ, ಒಳಗೆ ಕೆಪಾಸಿಟರಿನಲ್ಲಿ ಕರೆಂಟು ನಿಂತಿರುತ್ತೆ.’