ಒಂದು ಮಿಲಿಮೀಟರಿನ ಅಂತರ

ನಮ್ಮ ಸೋದರಮಾವನವರು ತೀರಿಕೊಂಡ ಮೇಲೆ ಅವರ ಟ್ರಂಕಿನಿಂದ ನನ್ನ ಪಾಲಿಗೆ ಬಂದ ಆಸ್ತಿ ಎರಡೇ: ಒಂದು ರಷ್ಯನ್ ಕ್ಯಾಮೆರಾ, ಒಂದು ಕೈಹೊತ್ತಗೆ. ಮಾವನವರು ಭಿಲಾಯಿಯ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಸೋವಿಯೆತ್ ನೆರವಿನಿಂದ ಕಟ್ಟಿದ, ೧೯೫೯ರಲ್ಲಿ ಮೊದಲ ಊದುಕುಲುಮೆ ಹೊತ್ತಿಕೊಂಡ ಆ ಕಾರ್ಖಾನೆಯಲ್ಲಿ ರಷ್ಯದ ಎಂಜಿನಿಯರುಗಳು ಬಹುಕಾಲ ಇದ್ದರು. ಅವರಲ್ಲೊಬ್ಬರು ಸ್ವದೇಶಕ್ಕೆ ಹೊರಟಾಗ ತಮ್ಮ ಜೆನಿಟ್-ಇ ಕ್ಯಾಮೆರಾವನ್ನು ಮಾವನವರಿಗೆ ಮಾರಿ ಹೋದರಂತೆ. ನನ್ನ ಕೈಗೆ ಬರುವ ಹೊತ್ತಿಗೆ ಅದರೊಳಗಿನ ಬಟ್ಟೆಯ ಪರದೆ ಹರಿದಿತ್ತು. ಗುಂಡಿಯನ್ನೊತ್ತಿದರೆ ಏನೋ ನರಳಿದಂತೆ ಸದ್ದಾಗುತ್ತಿತ್ತು, ಅಷ್ಟೆ. ಆದರೆ ಮುಂದಿನ ಮಸೂರಕ್ಕೆ ಮಾತ್ರ ಯಾವ ಊನವೂ ಆಗಿರಲಿಲ್ಲ.

ಆ ಮಸೂರದ ಹೆಸರು ಹೀಲಿಯೋಸ್-೪೪-೨. ಹೀಲಿಯೋಸ್ ಎಂದರೆ ಗ್ರೀಕರ ಸೂರ್ಯದೇವ. ನಾಭಿದೂರ ೫೮ ಮಿಲಿಮೀಟರ್. ಬೆಳಕಿಂಡಿಯನ್ನು ೨ರಿಂದ ೧೬ರವರೆಗೆ ಕಿರಿದು ಮಾಡಬಹುದು. ಜರ್ಮನಿಯ ಯೇನಾ ನಗರದ ಕಾರ್ಲ್ ಝೈಸ್ ಸಂಸ್ಥೆಯವರು ಎರಡನೆಯ ಮಹಾಯುದ್ಧಕ್ಕೆ ಮೊದಲೇ ರೂಪಿಸಿದ್ದ ಬಯೋಟಾರ್ ಎಂಬ ಮಸೂರದ ಸಂತಾನ ಇದು. ಯುದ್ಧಾನಂತರ ಆ ವಿನ್ಯಾಸ ರಷ್ಯಕ್ಕೆ ಹೋಗಿ, ಹೊಸ ಹೆಸರು ತಳೆದು, ಲಕ್ಷೋಪಲಕ್ಷ ಮನೆಗಳನ್ನು ಸೇರಿತು. ಆರು ಗಾಜುಗಳು, ಅವುಗಳನ್ನು ಹಿಡಿದ ಲೋಹದ ಕೊಳವೆ, ಕೈಯಿಂದ ತಿರುಗಿಸುವ ಬಳೆಗಳು. ವಿದ್ಯುತ್ತಿನ ತಂತಿ ಒಂದೂ ಇಲ್ಲ. ಆದುದರಿಂದಲೇ ಕೆಡುವುದಕ್ಕೆ ಅದರಲ್ಲಿ ಹೆಚ್ಚೇನೂ ಇಲ್ಲ.

ಕೈಹೊತ್ತಗೆಯಲ್ಲಿ ಮಾವನವರು ತಾವು ತೆಗೆದ ಪ್ರತಿಯೊಂದು ಚಿತ್ರದ ಲೆಕ್ಕವನ್ನೂ ಬರೆದಿಟ್ಟಿದ್ದರು. ೧೯೭೧ರ ಒಂದು ಪುಟದಲ್ಲಿ ಈ ಸಾಲಿದೆ: ‘ಮನೆ, ಕಾಲುಸಂಕದಿಂದ. ೮. ೧/೧೨೫. ಬೆಳಗಿನ ಬಿಸಿಲು.’ ಆ ಚಿತ್ರ ನಮ್ಮೆಲ್ಲರ ಮನೆಗಳಲ್ಲಿಯೂ ಇದೆ. ತೀರ್ಥಹಳ್ಳಿಯ ಕಡೆಯ ನನ್ನ ಅಜ್ಜನ ಮನೆ. ಹೆಂಚಿನ ಮಾಡು, ಉದ್ದನೆಯ ಜಗಲಿ, ಜಗಲಿಯ ಮೂರನೆಯ ಕಂಬಕ್ಕೆ ಒರಗಿ ನಿಂತ ಅಜ್ಜಿ. ಚಿತ್ರದಲ್ಲಿ ಅಜ್ಜಿ ಒಂದು ಅಕ್ಕಿಕಾಳಿನಷ್ಟಿದ್ದಾರೆ. ಆದರೂ ನಿಂತ ಭಂಗಿಯಿಂದಲೇ ಇಂಥವರೆಂದು ಹೇಳಿಬಿಡಬಹುದು.

೨೦೨೨ರಲ್ಲಿ ಆ ಮನೆ ಪಾಲಾಯಿತು. ದೀಪಾವಳಿಯಾದ ಮೇಲೆ ಬಿಚ್ಚುವುದೆಂದು ನಿಶ್ಚಯವಾಯಿತು. ನನಗೊಂದು ಆಸೆ ಹುಟ್ಟಿತು: ಅದೇ ಕಾಲುಸಂಕದ ಮೇಲೆ ನಿಂತು, ಅದೇ ಮಸೂರದಿಂದ, ಅದೇ ಕಂಬದ ಬಳಿ ನಮ್ಮ ತಾಯಿಯವರನ್ನು ನಿಲ್ಲಿಸಿ, ಇನ್ನೊಂದು ಚಿತ್ರ ತೆಗೆಯಬೇಕು. ನನ್ನಲ್ಲಿ ಒಂದು ನಿಕಾನ್ ಡಿಜಿಟಲ್ ಕ್ಯಾಮೆರಾ ಇತ್ತು. ಒಳಗೆ ಕನ್ನಡಿಯುಳ್ಳ ಹಳೆಯ ಜಾತಿಯದು. ರಷ್ಯದ ಮಸೂರವನ್ನು ಜಪಾನಿನ ಕ್ಯಾಮೆರಾಕ್ಕೆ ಹೊಂದಿಸುವ ಬಳೆಯೊಂದು ಸಿಕ್ಕುತ್ತದೆ, ಅದಕ್ಕೆ ಅಡಾಪ್ಟರ್ ಎನ್ನುತ್ತಾರೆ ಎಂದು ಕೇಳಿ ಅಂಗಡಿಗೆ ಹೋದೆ. ಅಂಗಡಿಯವನು ತೆಳ್ಳನೆಯ ಲೋಹದ ಬಳೆಯೊಂದನ್ನು ತೆಗೆದುಕೊಟ್ಟು, “ಸರಿಯಾಗಿ ಕೂರುತ್ತದೆ ಸಾರ್” ಎಂದ. ಕೂತಿತು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಕೂರುವುದೇ ಬೇರೆ, ಕಾಣುವುದೇ ಬೇರೆ ಎಂಬುದನ್ನು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ನವೆಂಬರಿನ ಒಂದು ಬೆಳಗ್ಗೆ ತಾಯಿಯವರನ್ನು ಕರೆದುಕೊಂಡು ಹೋದೆ. ಎಂಬತ್ತು ದಾಟಿದವರು, ಕಂಬವನ್ನು ಹಿಡಿದು ನಿಂತರು. ನಾನು ಕಾಲುಸಂಕದ ಮೇಲಿನಿಂದ ಮಸೂರದ ಬಳೆಯನ್ನು ಕೊನೆಯವರೆಗೆ ತಿರುಗಿಸಿದೆ. ಚಿತ್ರ ತಿಳಿಯಾಗಲಿಲ್ಲ. ನನ್ನ ಕನ್ನಡಕದ ದೋಷವೆಂದುಕೊಂಡೆ. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಎಲ್ಲವೂ ಸರಿಯಾಗಿರುವಂತೆಯೇ ಕಂಡಿತು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗ, ನನ್ನ ಮುಂದೆ ಮೂರು ಮೀಟರು ದೂರದಲ್ಲಿದ್ದ ಸಂಕದ ಬಿದಿರಿನ ಗಣ್ಣು ಗಣ್ಣೂ ಸ್ಪಷ್ಟವಾಗಿದೆ. ಮೂವತ್ತು ಮೀಟರು ಆಚೆಯ ಮನೆ ಮಾತ್ರ ಮಂಜಿನೊಳಗಿದೆ. ತಾಯಿಯವರ ಮುಖ ಯಾರದೆಂದೂ ತಿಳಿಯದಷ್ಟು ಮಸಕು.

ಮೂವತ್ತು ವರ್ಷ ಕಾಲ ಕಾಲೇಜಿನಲ್ಲಿ ಮಸೂರದ ಸೂತ್ರವನ್ನು ಪಾಠ ಹೇಳಿದವನು ನಾನು. ಅಂದು ರಾತ್ರಿ ಕಾಗದ ಹಿಡಿದು ಕುಳಿತಾಗ ಐದು ನಿಮಿಷಗಳಲ್ಲಿ ತಿಳಿದ ಸಂಗತಿಯನ್ನು ಅಂಗಡಿಗೆ ಹೋಗುವ ಮೊದಲೇ ತಿಳಿಯಬಹುದಿತ್ತು. ಆ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮಸೂರವೊಂದನ್ನು ಕ್ಯಾಮೆರಾಕ್ಕೆ ಕೂರಿಸುವ ಲೋಹದ ಅಂಚಿನಿಂದ, ಹಿಂದೆ ಚಿತ್ರ ಬೀಳುವ ಫಿಲ್ಮಿನವರೆಗೆ ಅಥವಾ ಸಂವೇದಕದವರೆಗೆ, ನಿಶ್ಚಿತವಾದ ಒಂದು ಅಂತರವಿರುತ್ತದೆ. ಪ್ರತಿಯೊಂದು ಸಂಸ್ಥೆಯೂ ತನ್ನ ಕ್ಯಾಮೆರಾಕ್ಕೆ ತಾನೇ ಈ ಅಂತರವನ್ನು ಗೊತ್ತುಮಾಡುತ್ತದೆ. ಅದಕ್ಕೆ ಸರಿಯಾಗಿ ಮಸೂರವನ್ನು ಅಳೆಯುತ್ತದೆ. ಹೀಲಿಯೋಸಿನದು ೪೫.೪೬ ಮಿಲಿಮೀಟರ್. ನನ್ನ ನಿಕಾನ್ ಕ್ಯಾಮೆರಾದ್ದು ೪೬.೫. ಬಳೆಯ ದಪ್ಪವನ್ನು ಸೊನ್ನೆಯೆಂದೇ ಹಿಡಿದರೂ ಮಸೂರವು ತಾನಿರಬೇಕಾದ ಸ್ಥಳಕ್ಕಿಂತ ೧.೦೪ ಮಿಲಿಮೀಟರಿನಷ್ಟು ಮುಂದೆ ನಿಂತಿತ್ತು. ಮಸೂರ ಮುಂದೆ ಸರಿದಷ್ಟೂ ಅದರ ದೃಷ್ಟಿ ಹತ್ತಿರಕ್ಕೆ ಬರುತ್ತದೆ. ನಾಭಿದೂರದ ವರ್ಗ ೩೩೬೪, ಅದನ್ನು ೧.೦೪ರಿಂದ ಭಾಗಿಸಿದರೆ ಬರುವುದು ೩೨೩೫ ಮಿಲಿಮೀಟರ್. ಎಂದರೆ, ಮೂರೂಕಾಲು ಮೀಟರಿನಾಚೆಗೆ ಆ ಮಸೂರ ಏನನ್ನೂ ತಿಳಿಯಾಗಿ ಕಾಣಲಾರದು. ಬೆಳಕಿಂಡಿಯನ್ನು ೧೬ಕ್ಕೆ ಕಿರಿದುಗೊಳಿಸಿದ್ದರೂ ಐದಾರು ಮೀಟರಿನವರೆಗೆ ಹೋಗುತ್ತಿತ್ತು, ಅಷ್ಟೆ. ಮಸೂರದ ಮೈಮೇಲೆ ಅನಂತವನ್ನು ಸೂಚಿಸುವ, ಮಲಗಿದ ಎಂಟರಂಥ ಒಂದು ಗುರುತಿದೆ. ಒಂದು ಮಿಲಿಮೀಟರಿನಿಂದಾಗಿ ನನ್ನ ಕ್ಯಾಮೆರಾ ಅನಂತವನ್ನು ಕಳೆದುಕೊಂಡಿತ್ತು. ಒಂದೇ ಕೋಣೆಯೊಳಗೆ ಎದುರಿಗೆ ಕುಳಿತವರನ್ನು ಅದು ಚೆನ್ನಾಗಿಯೇ ಕಾಣುತ್ತಿತ್ತು, ಅಂಗಳದಾಚೆಯವರನ್ನಲ್ಲ.

ಇದರಲ್ಲಿ ಯಾರ ತಪ್ಪೂ ಇಲ್ಲ. ಹೀಲಿಯೋಸಿನ ಬುಡದಲ್ಲಿರುವುದು ೪೨ ಮಿಲಿಮೀಟರ್ ವ್ಯಾಸದ ತಿರುಪು. ೧೯೪೯ರಲ್ಲಿ ಡ್ರೆಸ್ಡೆನ್ನಿನ ಕಾಂಟಾಕ್ಸ್-ಎಸ್ ಕ್ಯಾಮೆರಾದಲ್ಲಿ ಕಾಣಿಸಿಕೊಂಡ ಈ ತಿರುಪನ್ನು ಪ್ರಾಕ್ಟಿಕಾದವರು ಬಳಸಿದರು, ಜಪಾನಿನ ಪೆಂಟಾಕ್ಸಿನವರು ಬಳಸಿದರು, ರಷ್ಯದವರು ಬಳಸಿದರು. ಒಬ್ಬರ ಮಸೂರ ಇನ್ನೊಬ್ಬರ ಕ್ಯಾಮೆರಾಕ್ಕೆ ಬಳೆಯ ಹಂಗಿಲ್ಲದೆ ಸೇರುತ್ತಿತ್ತು. ಅದು ಊರಿನ ಕೆರೆಯಂತೆ ಎಲ್ಲರದೂ ಆಗಿತ್ತು. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಬಾವಿ ತೋಡಿಕೊಂಡರು. ನಿಕಾನಿನವರು ೧೯೫೯ರಲ್ಲಿ ತಮ್ಮದೇ ಬಾಗಿಲನ್ನು ಇಟ್ಟರು. ಪೆಂಟಾಕ್ಸಿನವರು ೧೯೭೫ರಲ್ಲಿ ತಿರುಪನ್ನು ಬಿಟ್ಟರು. ಕ್ಯಾನನ್ನಿನವರಂತೂ ೧೯೮೭ರಲ್ಲಿ ತಮ್ಮದೇ ಹಳೆಯ ಬಾಗಿಲನ್ನು ಮುಚ್ಚಿ ಹೊಸತನ್ನು ತೆರೆದಾಗ, ಹಳೆಯದರ ಅಂತರ ೪೨, ಹೊಸದರದು ೪೪ ಮಿಲಿಮೀಟರ್ ಆದುದರಿಂದ, ಅವರ ಹಳೆಯ ಮಸೂರಗಳು ಅವರ ಹೊಸ ಕ್ಯಾಮೆರಾಕ್ಕೇ ಪರಕೀಯವಾದವು. ಮಸೂರದ ಅಂತರ ಕ್ಯಾಮೆರಾದ ಅಂತರಕ್ಕಿಂತ ಹೆಚ್ಚಿದ್ದರೆ ಉಳಿದದ್ದನ್ನು ಬಳೆಯ ದಪ್ಪದಿಂದ ತುಂಬಬಹುದು. ಕಡಮೆಯಿದ್ದರೆ ತುಂಬುವುದಕ್ಕೆ ಜಾಗವೇ ಇಲ್ಲ. ನಿಕಾನಿನ ೪೬.೫ ಹೆಚ್ಚಿನವರ ಅಂತರಕ್ಕಿಂತ ದೊಡ್ಡದು. ಹೀಗಾಗಿ ಅದರ ಮಸೂರ ಬಹುಮಂದಿಯ ಮನೆಗೆ ಹೋಗಬಲ್ಲ ಅತಿಥಿ. ಅದರ ಕ್ಯಾಮೆರಾ ತನ್ನ ಮನೆಗೆ ಪರರನ್ನು ಕರೆಯಲಾರದ ಆತಿಥೇಯ. ನಡುವೆ ಗಾಜೊಂದನ್ನು ಇಟ್ಟ ಬಳೆಗಳೂ ದೊರೆಯುತ್ತವೆ. ಅವು ಅನಂತವನ್ನೇನೋ ಮರಳಿಸುತ್ತವೆ. ಆದರೆ ಆ ಅಗ್ಗದ ಗಾಜು ಚಿತ್ರದ ಹೊಳಪನ್ನು ತಿನ್ನುತ್ತದೆ. ಆರು ಗಾಜುಗಳನ್ನು ಲೆಕ್ಕಹಾಕಿ ಜೋಡಿಸಿದ ಮಸೂರದ ಹಿಂದೆ ಲೆಕ್ಕಕ್ಕೆ ಸೇರದ ಏಳನೆಯದೊಂದನ್ನು ಇಡುವುದು ನನಗೆ ಒಗ್ಗಲಿಲ್ಲ.

ಇಷ್ಟು ಅಂತರವಾದರೂ ಏತಕ್ಕೆ ಬೇಕಾಗಿತ್ತು? ಕನ್ನಡಿಗಾಗಿ. ಮಸೂರದಿಂದ ಬಂದ ಬೆಳಕನ್ನು ಮೇಲಿನ ಕಿಂಡಿಗೆ ತಿರುಗಿಸಿ ನಮ್ಮ ಕಣ್ಣಿಗೆ ತೋರಿಸುವ ಕನ್ನಡಿಯೊಂದು ಓರೆಯಾಗಿ ಅಲ್ಲಿ ನಿಲ್ಲಬೇಕು; ಗುಂಡಿಯನ್ನೊತ್ತಿದಾಗ ಮೇಲಕ್ಕೆ ಹಾರಿ ಬೆಳಕಿಗೆ ದಾರಿಬಿಡಬೇಕು. ಆ ಕುಣಿತಕ್ಕೆ ನಾಲ್ಕೂವರೆ ಸೆಂಟಿಮೀಟರಿನಷ್ಟು ರಂಗಸ್ಥಳ ಬೇಕಾಗಿತ್ತು. ಡಿಜಿಟಲ್ ಯುಗದಲ್ಲಿ ಸಂವೇದಕವೇ ತಾನು ಕಂಡದ್ದನ್ನು ಪುಟ್ಟ ಪರದೆಗೆ ಕಳುಹಿಸಬಲ್ಲದಾದ ಮೇಲೆ ಕನ್ನಡಿಗೆ ಕೆಲಸ ಉಳಿಯಲಿಲ್ಲ. ೨೦೦೮ರಲ್ಲಿ ಪ್ಯಾನಸೋನಿಕ್ಕಿನವರು ಮಸೂರ ಬದಲಿಸಬಹುದಾದ, ಕನ್ನಡಿಯಿಲ್ಲದ ಕ್ಯಾಮೆರಾವನ್ನು ತಂದರು. ೨೦೧೦ರಲ್ಲಿ ಸೋನಿಯವರದು ೧೮ ಮಿಲಿಮೀಟರಿನ ಅಂತರದೊಡನೆ ಬಂದಿತು. ೨೦೧೮ರಲ್ಲಿ ನಿಕಾನ್ ೧೬ಕ್ಕೂ ಕ್ಯಾನನ್ ೨೦ಕ್ಕೂ ಇಳಿದವು. ಹೊಸ ಮಸೂರಗಳಿಗಾಗಿ ಮಾಡಿದ ಈ ಬದಲಾವಣೆಯಿಂದ, ಯಾರೂ ಕರೆಯದಿದ್ದ ಹಳೆಯ ಮಸೂರಗಳಿಗೆಲ್ಲ ಬಾಗಿಲು ತೆರೆಯಿತು. ಹೀಲಿಯೋಸಿನ ೪೫.೪೬ರಿಂದ ೧೮ನ್ನು ಕಳೆದರೆ ಉಳಿಯುವುದು ೨೭.೪೬ ಮಿಲಿಮೀಟರ್. ಅಷ್ಟು ಉದ್ದದ ಟೊಳ್ಳು ಕೊಳವೆಯೇ ಬಳೆ. ಒಳಗೆ ಗಾಜಿಲ್ಲ, ಯಂತ್ರವಿಲ್ಲ. ನಾವು ದುಡ್ಡು ಕೊಟ್ಟು ಕೊಳ್ಳುವುದು ಅಳತೆ ಸರಿಯಾದ ಬಯಲನ್ನು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಥ ಸೋನಿ ಕ್ಯಾಮೆರಾ ಒಂದನ್ನು ಎರವಲು ಕೊಟ್ಟ. ಅದರ ಸಂವೇದಕ ಹಳೆಯ ಫಿಲ್ಮಿನಷ್ಟೇ ದೊಡ್ಡದು, ೩೬ಕ್ಕೆ ೨೪ ಮಿಲಿಮೀಟರ್. ಇದೂ ಮುಖ್ಯ. ನನ್ನ ಮೊದಲಿನ ಕ್ಯಾಮೆರಾದ ಸಂವೇದಕ ಚಿಕ್ಕದು. ಅದೇ ಮಸೂರ ಅಲ್ಲಿ ೮೭ ಮಿಲಿಮೀಟರಿನ ಮಸೂರದಷ್ಟು ಇಕ್ಕಟ್ಟಾದ ನೋಟವನ್ನು ಕೊಟ್ಟು, ಜಗಲಿಯ ಎರಡು ತುದಿಗಳನ್ನೂ ಕತ್ತರಿಸಿಹಾಕಿತ್ತು.

ಮನೆಯಲ್ಲಿಯೇ ವಾರವೊಂದು ಅಭ್ಯಾಸ ಮಾಡಿದೆ. ಕ್ಯಾಮೆರಾ ಮೊದಲು ಮಸೂರವೇ ಇಲ್ಲವೆಂದು ಮುಷ್ಕರ ಹೂಡಿತು. ಮಸೂರವಿಲ್ಲದೆಯೂ ಚಿತ್ರ ತೆಗೆ ಎಂದು ಅದಕ್ಕೆ ಆಜ್ಞೆ ಕೊಡಬೇಕು. ನಾಭಿದೂರ ೫೮ ಎಂದು ನಾವೇ ತಿಳಿಸಿದರೆ ಕೈನಡುಕವನ್ನು ಅದು ಸರಿತೂಗಿಸುತ್ತದೆ. ಬೆಳಕಿಂಡಿಯನ್ನು ಪೂರ್ತಿ ತೆರೆದು, ನೋಟವನ್ನು ದೊಡ್ಡದು ಮಾಡಿ, ಬಳೆಯನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ, ತಿಳಿಯಾದ ಅಂಚುಗಳಿಗೆ ಕ್ಯಾಮೆರಾ ಬಣ್ಣ ಬಳಿದು ತೋರಿಸುತ್ತದೆ. ಆಮೇಲೆ ಎರಡನೆಯ ಬಳೆಯಿಂದ ಬೆಳಕಿಂಡಿಯನ್ನು ಬೇಕಾದಷ್ಟಕ್ಕೆ ಮುಚ್ಚಬೇಕು. ಮಸೂರದ ಮೇಲೆ ಕೆತ್ತಿದ ಮೀಟರುಗಳನ್ನು ನಂಬಲಾಗದು. ಬಳೆಗಳನ್ನು ಸಾಮಾನ್ಯವಾಗಿ ಕೂದಲೆಳೆಯಷ್ಟು ಗಿಡ್ಡವಾಗಿಯೇ ಮಾಡಿರುತ್ತಾರೆ, ಅನಂತ ತಪ್ಪಿಹೋಗದಿರಲೆಂದು. ಓಡುವ ಮಗುವನ್ನು ಹೀಗೆ ಹಿಡಿಯಲಾಗದು. ನಿಂತ ಮನೆಯನ್ನು ಹಿಡಿಯಬಹುದು.

ಆದರೆ ಮನೆ ನಿಂತಿರಬೇಕಷ್ಟೆ. ೨೦೨೩ರ ಜನವರಿಯಲ್ಲಿ ನಾನು ಮತ್ತೆ ಕಾಲುಸಂಕದ ಮೇಲೆ ನಿಂತಾಗ ಹೆಂಚುಗಳನ್ನು ಇಳಿಸಿ ಅಂಗಳದಲ್ಲಿ ಒಟ್ಟಿದ್ದರು. ಪಕಾಸಿಗಳ ನಡುವೆ ಆಕಾಶ ಕಾಣುತ್ತಿತ್ತು. ತಾಯಿಯವರು ಬಂದಿರಲಿಲ್ಲ, ಮಾಡಿಲ್ಲದ ಮನೆಯನ್ನು ನೋಡಲಾರೆನೆಂದರು. ಮೂರನೆಯ ಕಂಬ ಮಾತ್ರ ಹಾಗೆಯೇ ಇತ್ತು. ಬೆಳಗಿನ ಬಿಸಿಲು ಬೀಳುವವರೆಗೆ ಕಾದು, ಬೆಳಕಿಂಡಿಯನ್ನು ೮ಕ್ಕೆ ತಂದು ಗುಂಡಿಯನ್ನೊತ್ತಿದೆ. ಚಿತ್ರ ಕನ್ನಡಿಯಷ್ಟು ನಿಚ್ಚಳವಾಗಿ ಬಂದಿತು. ಕಂಬದಲ್ಲಿ ಹಳೆಯ ಮೊಳೆಯೊಂದಿದೆ. ಅಜ್ಜಿ ಅದಕ್ಕೆ ಪಂಚಾಂಗವನ್ನು ತೂಗುಹಾಕುತ್ತಿದ್ದರು. ಆ ಮೊಳೆ ಸಹ ಕಾಣುತ್ತದೆ.

ಎರಡು ಚಿತ್ರಗಳನ್ನೂ ಅಚ್ಚು ಹಾಕಿಸಿ ತಾಯಿಯವರ ಮುಂದಿಟ್ಟೆ. ಎರಡನೆಯದನ್ನು ಹೊಗಳಿಯಾರೆಂದು ಕಾದೆ. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ ಪಕ್ಕಕ್ಕಿಟ್ಟು, ಮಸಕಾದದ್ದನ್ನು ಕೈಗೆತ್ತಿಕೊಂಡರು. “ಇದರಲ್ಲಿ ಹೆಂಚಿದೆ” ಎಂದರು. ಅದು ಈಗ ಅವರ ಮಂಚದ ಬಳಿಯ ಗೋಡೆಯ ಮೇಲಿದೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ೧.೦೪ ಎಂಬ ಅಂಕೆ ನನ್ನ ನೆನಪಿಗೆ ಬರುತ್ತದೆ.

ಹಳೆಯ ಮಸೂರಗಳನ್ನು ಹೊಸ ಕ್ಯಾಮೆರಾಕ್ಕೆ ಕೂಡಿಸಬಯಸುವ ಎಳೆಯರಿಗೆ ನಾನು ಹೇಳಬಹುದಾದದ್ದು ಇಷ್ಟೇ: ಕೂರುತ್ತದೆಯೇ ಎಂದು ಕೇಳಬೇಡಿ, ಎರಡರ ಅಂತರಗಳೆಷ್ಟು ಎಂದು ಕೇಳಿ. ಮೊದಲ ಚಿತ್ರವನ್ನು ದೂರದ ಮರವೊಂದರ ಕಡೆ ತಿರುಗಿಸಿ ತೆಗೆದು, ದೊಡ್ಡದು ಮಾಡಿ ನೋಡಿ. ಆಮೇಲೆ ಮನುಷ್ಯರ ಕಡೆ ತಿರುಗಿಸಿ. ಮರ ನಾಳೆಯೂ ಅಲ್ಲಿಯೇ ಇರುತ್ತದೆ.

ಇನ್ನೊಂದು ಮಾತು. ಇಂದಿನ ಕ್ಯಾಮೆರಾ ಪ್ರತಿ ಚಿತ್ರದೊಡನೆ ದಿನ, ಗಳಿಗೆ, ಮಸೂರದ ಹೆಸರು, ಬೆಳಕಿಂಡಿಯ ಅಳತೆ ಎಲ್ಲವನ್ನೂ ತಾನೇ ಬರೆದುಕೊಳ್ಳುತ್ತದೆ. ಆದರೆ ಟೊಳ್ಳು ಬಳೆಯ ಮೂಲಕ ಹಳೆಯ ಮಸೂರದ ಸುದ್ದಿ ಅದಕ್ಕೆ ಮುಟ್ಟುವುದಿಲ್ಲ. ಮಸೂರದ ಹೆಸರೂ ಬೆಳಕಿಂಡಿಯ ಅಂಕೆಯೂ ಅದರ ಲೆಕ್ಕದಲ್ಲಿ ಸೇರುವುದಿಲ್ಲ. ಆದುದರಿಂದ ಆ ರಾತ್ರಿ ಮಾವನವರ ಕೈಹೊತ್ತಗೆಯನ್ನು ತೆರೆದು, ೧೯೭೧ರ ಅವರ ಸಾಲಿನ ಕೆಳಗೆ ಉಳಿದಿದ್ದ ಸ್ಥಳದಲ್ಲಿ ನಾನೇ ಬರೆದೆ: ‘ಮನೆ, ಕಾಲುಸಂಕದಿಂದ. ಹೀಲಿಯೋಸ್. ೮. ೧/೧೨೫. ಬೆಳಗಿನ ಬಿಸಿಲು. ಹೆಂಚಿಲ್ಲ.’