ಕೇಶೋತ್ಪಾಟನವ್ಯಾಧಿ

ತಲೆಗೂದಲಿನ ನಾಶವನ್ನು ಹೇಳುವುದಕ್ಕೆ ಕನ್ನಡದಲ್ಲಿ ಮುಖ್ಯವಾಗಿ ಎರಡು ಕ್ರಿಯಾಪದಗಳು ಬಳಕೆಯಲ್ಲಿರುವುವು. ‘ಕೂದಲು ಉದುರಿತು’ ಎಂಬುದು ಒಂದು, ‘ಕೂದಲನ್ನು ಕಿತ್ತನು’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಮನುಷ್ಯನು ಕೇವಲ ಅನುಭವಿಸತಕ್ಕವನು. ಎರಡನೆಯದರಲ್ಲಿ ಅವನ ಇಚ್ಛೆಯೂ ಹೊಣೆಯೂ ಸೇರಿರುವುವು. ಇವೆರಡರ ನಡುವೆ ನಿಲ್ಲುವ ವ್ಯಾಧಿಯೊಂದುಂಟು. ಅದರಲ್ಲಿ ಕೀಳುವ ಕೈ ರೋಗಿಯದೇ. ಆದರೆ ಕೀಳಬಾರದೆಂಬ ಸಂಕಲ್ಪವು ಆ ಕೈಯನ್ನು ತಡೆಯಲಾರದು. ಇದಕ್ಕೆ ಆಡುಮಾತಿನಲ್ಲಿ ನೆಲೆನಿಂತ ಹೆಸರಿಲ್ಲದುದರಿಂದ ಇಲ್ಲಿ ಕೇಶೋತ್ಪಾಟನವ್ಯಾಧಿ ಎಂದು ಕರೆಯಲಾಗಿದೆ. ಹೆಸರಿಲ್ಲದ ರೋಗವನ್ನು ಮನೆಯವರು ಉದುರುವಿಕೆಯೆಂದೆಣಿಸಿದರೆ ಎಣ್ಣೆ ಹಚ್ಚುವರು, ಹಟವೆಂದೆಣಿಸಿದರೆ ಬೈಯುವರು. ಎರಡರಿಂದಲೂ ಅದು ಗುಣವಾಗದು.

ಪ್ರಾಚೀನ ಗ್ರಂಥಗಳಲ್ಲಿ ಈ ಎರಡು ಪಕ್ಷಗಳೂ ಸ್ಪಷ್ಟವಾಗಿರುವುವು. ಸುಶ್ರುತಸಂಹಿತೆಯು ಕ್ಷುದ್ರರೋಗಗಳಲ್ಲಿ ಇಂದ್ರಲುಪ್ತವನ್ನು ಎಣಿಸಿ, ವಾತದೊಡನೆ ಕೂಡಿದ ಪಿತ್ತವು ರೋಮಕೂಪಗಳನ್ನು ಸೇರಿ ಕೂದಲನ್ನು ಉದುರಿಸುವುದೆಂದೂ, ಬಳಿಕ ರಕ್ತದೊಡನೆ ಕೂಡಿದ ಕಫವು ಆ ಕೂಪಗಳನ್ನು ಮುಚ್ಚುವುದೆಂದೂ ಹೇಳುತ್ತದೆ. ಇದು ಉದುರುವಿಕೆಯ ವಿಚಾರ. ಕೀಳುವಿಕೆಗೆ ನಿದರ್ಶನವು ಜೈನಮುನಿಗಳ ಕೇಶಲೋಚ. ದಿಗಂಬರ ಮುನಿಯ ೨೮ ಮೂಲಗುಣಗಳಲ್ಲಿ ಅದೂ ಒಂದು. ಎರಡರಿಂದ ನಾಲ್ಕು ತಿಂಗಳೊಳಗೆ ಅದನ್ನು ನಡೆಸಬೇಕೆಂದು ವಿಧಿಯಿದೆ. ೧೯೯೭ರ ವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದ ಕೊಪ್ಪಳವು ಕೊಪಣವೆಂಬ ಹೆಸರಿನಿಂದ ಪ್ರಸಿದ್ಧ ಜೈನತೀರ್ಥವಾಗಿದ್ದುದರಿಂದ ಈ ಆಚಾರವು ಆ ಸೀಮೆಗೆ ಹೊಸತಲ್ಲ. ಆದರೆ ಲೋಚವು ವ್ರತ. ಕಾಲನಿಯಮವುಳ್ಳದ್ದು, ದೇಹಮೋಹವನ್ನು ಗೆಲ್ಲುವುದಕ್ಕಾಗಿ ನಡೆಯತಕ್ಕದ್ದು. ವ್ಯಾಧಿಯಲ್ಲಾದರೋ ನಿಯಮವಿಲ್ಲ, ಸಂಕಲ್ಪವಿಲ್ಲ. ಮರೆಮಾಚುವಿಕೆಯೂ ನಾಚಿಕೆಯೂ ಇರುವುವು.

ಈ ವ್ಯಾಧಿಗೆ ೧೮೮೯ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಹಾಲೊಪೊ ‘ಟ್ರೈಕೊಟಿಲೊಮೇನಿಯ’ ಎಂಬ ಹೆಸರನ್ನಿತ್ತನು. ಗ್ರೀಕಿನಲ್ಲಿ ಕೂದಲು, ಕೀಳು, ಉನ್ಮಾದ ಎಂಬರ್ಥದ ಮೂರು ಶಬ್ದಗಳು ಅದರಲ್ಲಿ ಕೂಡಿವೆ. ಕಡೆಯ ಶಬ್ದವು ತಪ್ಪುತಿಳಿವಿಗೆ ಎಡೆಗೊಡುತ್ತದೆ; ಇದು ಹುಚ್ಚಲ್ಲ, ರೋಗಿಯ ಬುದ್ಧಿ ಸ್ವಸ್ಥವಾಗಿಯೇ ಇರುತ್ತದೆ. ಅಮೆರಿಕದ ಮನೋವೈದ್ಯಸಂಘದ ಕೈಪಿಡಿಯು ೧೯೮೭ರಲ್ಲಿ ಇದನ್ನು ತಡೆಯಲಾರದ ಆವೇಗಗಳಲ್ಲಿ ಸೇರಿಸಿ, ೨೦೧೩ರಲ್ಲಿ ಗೀಳುರೋಗದ ಸಂಬಂಧಿಗಳ ವರ್ಗಕ್ಕೆ ತಂದಿತು. ನೂರರಲ್ಲಿ ಸುಮಾರು ಒಬ್ಬಿಬ್ಬರಿಗೆ ಇದುಂಟೆಂದು ಅಂದಾಜು. ಬಹುಮಟ್ಟಿಗೆ ಹತ್ತರಿಂದ ಹದಿಮೂರು ವರ್ಷಗಳ ನಡುವೆ ಆರಂಭವಾಗುತ್ತದೆ. ಓದುತ್ತಲೋ ಯೋಚಿಸುತ್ತಲೋ ಇರುವಾಗ ಅರಿವಿಲ್ಲದೆ ಕೈ ತಲೆಗೆ ಹೋಗುವುದು ಒಂದು ಬಗೆ. ಉದ್ವೇಗವು ಏರಿ, ಕಿತ್ತೊಡನೆ ಕ್ಷಣಕಾಲ ಇಳಿಯುವುದು ಇನ್ನೊಂದು. ಒಬ್ಬರಲ್ಲಿಯೇ ಎರಡೂ ಇರಬಹುದು.

ಲಕ್ಷಣಗಳನ್ನು ವಿವೇಚಿಸಿ ನೋಡತಕ್ಕದ್ದು. ಹುಳು ತಿಂದಿದೆಯೆಂದು ಜನರು ಹೇಳುವ ದುಂಡುಬೋಳಿನಲ್ಲಿ ಚರ್ಮವು ನುಣುಪಾಗಿರುತ್ತದೆ. ಹುಳುಕಡ್ಡಿಯಲ್ಲಿ ಹೊಟ್ಟು ಏಳುತ್ತದೆ. ಕಿತ್ತ ಎಡೆಯಲ್ಲಾದರೆ ಅಂಚು ವಕ್ರವಾಗಿದ್ದು, ಉದ್ದಗಿಡ್ಡವಾದ ಮುರಿದ ಕೂದಲುಗಳು ಕೈಗೆ ತಾಗುವುವು. ಹುಬ್ಬು ರೆಪ್ಪೆಗಳೂ ಬೋಳಾಗಬಹುದು. ಕೆಲವರು ಕಿತ್ತುದನ್ನು ನುಂಗುವರು; ಅದು ಜೀರ್ಣವಾಗದೆ ಜಠರದಲ್ಲಿ ಗಂಟು ಕಟ್ಟಿ, ಹೊಟ್ಟೆನೋವು, ವಾಂತಿ, ಕೃಶತೆಗಳನ್ನು ತಂದು, ಶಸ್ತ್ರಚಿಕಿತ್ಸೆಯವರೆಗೆ ಒಯ್ಯಬಹುದು.

ಚಿಕಿತ್ಸೆಯಲ್ಲಿ ಪ್ರಧಾನವಾದುದು ಔಷಧವಲ್ಲ, ಅಭ್ಯಾಸವಿಪರ್ಯಯ. ೧೯೭೩ರಲ್ಲಿ ಅಜ್ರಿನ್ ಮತ್ತು ನನ್ ಎಂಬವರು ಇದರ ಕ್ರಮವನ್ನು ಪ್ರಕಟಿಸಿದರು. ಕೈ ಯಾವಾಗ, ಎಲ್ಲಿ, ಯಾವ ಮನಃಸ್ಥಿತಿಯಲ್ಲಿ ಏಳುವುದೆಂಬುದನ್ನು ರೋಗಿಯೇ ಗುರುತಿಸಿಕೊಳ್ಳುವುದು ಮೊದಲ ಹೆಜ್ಜೆ. ಎದ್ದೊಡನೆ ಮುಷ್ಟಿ ಬಿಗಿಯುವುದೇ ಮೊದಲಾದ ಎದುರುಕ್ರಿಯೆಯನ್ನು ಕೆಲವು ನಿಮಿಷ ಹಿಡಿಯುವುದು ಎರಡನೆಯದು. ಮನೆಯವರು ಬೈಯದೆ ಬೆಂಬಲಿಸುವುದು ಮೂರನೆಯದು. ೨೦೦೯ರಲ್ಲಿ ೫೦ ಮಂದಿ ವಯಸ್ಕರ ಪರೀಕ್ಷೆಯೊಂದರಲ್ಲಿ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧವು ನೂರಕ್ಕೆ ೫೬ರಷ್ಟು ಮಂದಿಗೆ ಫಲಕೊಟ್ಟಿತು. ಹುಸಿಮದ್ದು ಕೊಟ್ಟವರಲ್ಲಿ ಫಲ ಕಂಡವರು ೧೬ರಷ್ಟು. ಆದರೆ ಮಕ್ಕಳ ಮೇಲಣ ೨೦೧೩ರ ಪರೀಕ್ಷೆಯಲ್ಲಿ ಅಂತಹ ಗುಣ ಕಾಣಲಿಲ್ಲ. ತಲೆ ಬೋಳಿಸಿದರೆ ಕೈಗೆ ಕೆಲವು ದಿನ ಕೂದಲು ಸಿಕ್ಕದು. ಅದರಿಂದ ಉದ್ವೇಗವು ಅಳಿಯದು. ಕೀಳುವುದು ನಿಂತರೆ ಸಾಮಾನ್ಯವಾಗಿ ಕೂದಲು ಮರಳಿ ಬೆಳೆಯುತ್ತದೆ. ವರ್ಷಗಟ್ಟಲೆ ನಡೆದರೆ ಬುಡವೇ ಕೆಡಬಹುದು. ಆದುದರಿಂದ ತಡವು ಹಾನಿಕರ.

ವ್ಯಾಧಿಯು ಶಾಲಾವಯಸ್ಸಿನಲ್ಲಿ ತೊಡಗುವುದರಿಂದ ಅದನ್ನು ಮನೆಯ ಹೊರಗೆ ಮೊದಲು ಕಾಣತಕ್ಕವರು ಹಲವುವೇಳೆ ಉಪಾಧ್ಯಾಯರೇ. ದೇವದುರ್ಗದಲ್ಲಾಗಲಿ ಮಾನ್ವಿಯಲ್ಲಾಗಲಿ ಬಾಲಕಿಯೊಬ್ಬಳು ಸೆರಗಿನಿಂದ ತಲೆಯನ್ನು ಮುಚ್ಚಿಯೇ ಕುಳಿತಿದ್ದರೆ, ತರಗತಿಯ ಮುಂದೆ ಕಾರಣ ಕೇಳುವುದು ಅವಳನ್ನು ಶಾಲೆಯಿಂದಲೇ ದೂರಮಾಡೀತು. ಏಕಾಂತದಲ್ಲಿ, ‘ಏಕೆ ಕೀಳುತ್ತೀ’ ಎನ್ನದೆ ‘ಯಾವಾಗ ಕೈ ಹೋಗುತ್ತದೆ’ ಎಂದು ಕೇಳಿದರೆ ಉತ್ತರ ಬರುವ ಸಂಭವವುಂಟು; ಆ ಪ್ರಶ್ನೆಯಲ್ಲಿಯೇ ಚಿಕಿತ್ಸೆಯ ಮೊದಲ ಹೆಜ್ಜೆಯೂ ಅಡಗಿದೆ. ಬಳಿಕ ತಂದೆತಾಯಿಗಳಿಗೆ ತಿಳಿಸಿ ವೈದ್ಯರ ಬಳಿಗೆ ಕಳುಹಿಸತಕ್ಕದ್ದು. ಮನೋವೈದ್ಯರ ಸೇವೆಯನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಒಯ್ಯುವುದಕ್ಕಾಗಿ ಕರ್ನಾಟಕ ಸರ್ಕಾರವು ೨೦೧೪ರಲ್ಲಿ ಮನೋಚೈತನ್ಯ ಕಾರ್ಯಕ್ರಮವನ್ನು ತೊಡಗಿತು. ರಾಯಚೂರು ನಗರದಲ್ಲಿ ೨೦೦೭ರಲ್ಲಿ ಸ್ಥಾಪಿತವಾದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿಮಾನಸ್ ಎಂಬ ಉಚಿತ ದೂರವಾಣಿಯಲ್ಲಿ, ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ರೋಗಕ್ಕೆ ಹೆಸರಿಟ್ಟ ಮಾತ್ರಕ್ಕೆ ರೋಗ ಹೋಗದು. ಆದರೆ ‘ಉದುರಿತು’ ಎಂಬ ಮರೆಯೂ ‘ಕಿತ್ತಳು’ ಎಂಬ ದೂರೂ ತಪ್ಪಿದರೆ, ಆ ಬಾಲಕಿಗೆ ತನ್ನ ಕಷ್ಟವನ್ನು ಹೇಳಿಕೊಳ್ಳಲು ಒಂದು ಮಾತು ದೊರೆತಂತಾಗುವುದು.